ಸುಳ್ಳು ಕೇಸನ್ನು ನಿಜ ಮಾಡಿಕೊಳ್ಳಬೇಡಿ



ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ನನ್ನಂಥ ವಕೀಲರ ಹತ್ತಿರ ಬರುವ ಕಕ್ಷಿದಾರರ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಸಾರ್, ಇದು ಸುಳ್ಳು ಕೇಸು." ಹೊಡೆದವನೂ ಹಾಗೇ ಹೇಳುತ್ತಾನೆ, ಹೊಡೆಯದವನೂ ಹಾಗೇ ಹೇಳುತ್ತಾನೆ. ಠಾಣೆಯ ರೈಟರಿಗೆ ಈ ಮಾತು ಕೇಳಿ ಕೇಳಿ ಕಿವಿಗೆ ಬೀಳುವುದೇ ನಿಂತುಹೋಗಿರುತ್ತದೆ. ನಿಜವಾಗಿಯೂ ತಪ್ಪು ಮಾಡದವನಿಗೆ ಮೊದಲ ಪೆಟ್ಟು ಬೀಳುವುದೇ ಇಲ್ಲಿ. ತನ್ನ ಮುಖ ನೋಡಿದರೇ ಗೊತ್ತಾಗಬೇಕಿತ್ತಲ್ಲ ಎಂದು ಅವನಿಗೆ ಅನಿಸುತ್ತದೆ. ಗೊತ್ತಾಗುವುದಿಲ್ಲ. ತನಿಖೆ ನಡೆಯುವುದು ಕಡತದ ಮೇಲೆ. ಕಡತದಲ್ಲಿ ಕೂರದ ಸತ್ಯಕ್ಕೆ ಅಲ್ಲಿ ಬೆಲೆಯಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಇನ್ನೂ ಸ್ವಲ್ಪ ಕಹಿಯಾದ ಮಾತು. ಸುಳ್ಳು ದೂರಿಗೆ ಒಂದು ನಿಜವಾದ ಅಪರಾಧವನ್ನು ಜೋಡಿಸಿ ಕೊಡುವವನು ಎಷ್ಟೋ ಸಲ ಆರೋಪಿಯೇ. ಅದೂ ಮೊದಲ ಒಂದೆರಡು ದಿನದ ಕೋಪದಲ್ಲಿ, ಗಾಬರಿಯಲ್ಲಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಚನ್ನರಾಯಪಟ್ಟಣ ಕಡೆಯ ಒಬ್ಬ ತೆಂಗಿನ ರೈತ. ಪಕ್ಕದ ಜಮೀನಿನವನ ಜೊತೆ ಬದುವಿನ ತಕರಾರು; ಸರ್ವೆಗೆ ಅರ್ಜಿ ಹಾಕಿ ಕಾಯುತ್ತಿದ್ದಾನೆ. ಒಂದು ಸಂಜೆ ಪಕ್ಕದವನು ಸರ್ಕಾರಿ ಆಸ್ಪತ್ರೆಗೆ ಹೋಗಿ, ಆರೂವರೆ ಗಂಟೆಗೆ ಈತ ಗುದ್ದಲಿ ಕಾವಿನಿಂದ ಹೊಡೆದ, ಅವಾಚ್ಯ ಶಬ್ದಗಳಿಂದ ಬೈದ, ಪ್ರಾಣ ಬೆದರಿಕೆ ಹಾಕಿದ ಎಂದು ಹೇಳಿಕೆ ಬರೆಸುತ್ತಾನೆ. ಆ ಆರೂವರೆಗೆ ಈತ ಇದ್ದದ್ದು ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ಫೋನು ಬರುತ್ತದೆ: "ಸಾಹೇಬ್ರು ಕರೀತಾವ್ರೆ, ಸ್ಟೇಷನ್ ಕಡೆ ಬಂದು ಹೋಗಿ."

ಈ ಫೋನಿನ ಬಗ್ಗೆಯೇ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಕರೆದವರು ಯಾವ ಠಾಣೆ, ಯಾವ ಹುದ್ದೆ, ಯಾವ ದೂರು ಎಂದು ಕೇಳಿ ಬರೆದುಕೊಳ್ಳಿ. ಈಗ ಸುಳ್ಳು ಆರೋಪಕ್ಕೆ ಸುಳ್ಳು ಪೊಲೀಸರೂ ಸೇರಿಕೊಂಡಿದ್ದಾರೆ. ನಿಮ್ಮ ಹೆಸರಿನ ಪಾರ್ಸಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ವಿಡಿಯೊ ಕರೆ ಬಿಟ್ಟು ಏಳಬೇಡಿ, ಹಣ ವರ್ಗಾಯಿಸಿ ಎನ್ನುವವನು ಪೊಲೀಸನಲ್ಲ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಅಂಥ ಕರೆ ಕತ್ತರಿಸಿ 1930ಕ್ಕೆ ತಿಳಿಸಿ.

ನಮ್ಮ ರೈತನಿಗೆ ಬಂದದ್ದು ನಿಜವಾದ ಪೊಲೀಸರ ಕರೆ. ಎಫ್‌ಐಆರ್ ಆಗಿಬಿಟ್ಟಿದೆ. "ವಿಚಾರಿಸದೆ ಹೇಗೆ ದಾಖಲು ಮಾಡಿದರು?" ಎಂದು ಅವನ ಸಿಟ್ಟು. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧದ, ದೂರು ಬಂದರೆ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟು 2013ರ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಹೊಸ ಕಾನೂನಿನಲ್ಲಿ, ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಡಿವೈಎಸ್‌ಪಿ ಅನುಮತಿ ಪಡೆದು 14 ದಿನಗಳಲ್ಲಿ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶವಿದೆ. ಮಾಡಲೇಬೇಕೆಂದಿಲ್ಲ. ಹಾಗಾಗಿ ಎಫ್‌ಐಆರ್ ಆಯಿತು ಎಂದರೆ ಪೊಲೀಸರು ನಿಮ್ಮನ್ನು ತಪ್ಪಿತಸ್ಥ ಎಂದು ನಂಬಿದರು ಎಂದಲ್ಲ. ಒಬ್ಬ ಹೇಳಿದ್ದನ್ನು ಬರೆದುಕೊಂಡರು ಎಂದಷ್ಟೇ. ಹಳ್ಳಿ ಹಳ್ಳಿಗೂ ಬಾಯಿಪಾಠವಾಗಿದ್ದ ಐಪಿಸಿಯ 323, 324, 504, 506 ಈಗ ಇಲ್ಲ. 2024ರ ಜುಲೈ 1ರಿಂದ ಅವು ಭಾರತೀಯ ನ್ಯಾಯ ಸಂಹಿತೆಯ 115(2), 118(1), 352, 351 ಆಗಿವೆ. ನಂಬರು ಬದಲಾಯಿತು, ದೂರಿನ ಒಕ್ಕಣೆ ಬದಲಾಗಿಲ್ಲ.

ಈಗ ಈತ ಏನು ಮಾಡುತ್ತಾನೆ ನೋಡಿ. ಊರಿನ ಇಬ್ಬರು ಹಿರಿಯರನ್ನು ಜೊತೆ ಮಾಡಿಕೊಂಡು ಆ ರಾತ್ರಿಯೇ ಪಕ್ಕದವನ ಮನೆ ಬಾಗಿಲಿಗೆ ಹೋಗುತ್ತಾನೆ. "ಯಾಕಪ್ಪಾ ಹಿಂಗ್ ಮಾಡ್ದೆ, ನಿಂಗೇನ್ ಅನ್ಯಾಯ ಮಾಡಿದ್ದೆ ನಾನು?" ಮಾತಿಗೆ ಮಾತು ಬೆಳೆಯುತ್ತದೆ. ಮನೆಗೆ ಬಂದು ಮತ್ತೆ ಮತ್ತೆ ಫೋನು ಮಾಡುತ್ತಾನೆ. ಮಾರನೆಯ ದಿನ ಠಾಣೆಯಲ್ಲಿ ಪಕ್ಕದವನ ಮರುಹೇಳಿಕೆ ದಾಖಲಾಗುತ್ತದೆ: ರಾತ್ರಿ ಜನ ಕಟ್ಟಿಕೊಂಡು ಮನೆಗೆ ಬಂದು, ಕೇಸು ವಾಪಸು ತೆಗೆದುಕೊಳ್ಳದಿದ್ದರೆ ನೋಡಿಕೊಳ್ಳುತ್ತೇನೆ ಎಂದ. ಸಂಜೆಯ ಘಟನೆಗೆ ಸಾಕ್ಷಿ ಇರಲಿಲ್ಲ. ರಾತ್ರಿಯದಕ್ಕೆ ಇಡೀ ಬೀದಿಯೇ ಸಾಕ್ಷಿ. ಕಾಲ್ ಡಿಟೇಲು ಇದೆ. ಜಾಮೀನಿನ ಅರ್ಜಿ ಬಂದಾಗ ಸರ್ಕಾರಿ ಅಭಿಯೋಜಕರು ಓದುವುದು ಇದನ್ನೇ.

ಇನ್ನು ಕೆಲವರು ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಉತ್ತರ ಕೊಡುತ್ತಾರೆ. ದೂರುದಾರರ ಫೋಟೊ ಹಾಕಿ "ಇವಳ ನಿಜಬಣ್ಣ ಎಲ್ಲರಿಗೂ ಗೊತ್ತಾಗಲಿ" ಎಂದು ಬರೆದವರನ್ನು ಬಲ್ಲೆ. ದೂರು ಅತ್ಯಾಚಾರದ್ದಾಗಿದ್ದರೆ ಸಂತ್ರಸ್ತೆಯ ಗುರುತು ಬಯಲು ಮಾಡುವುದೇ ನ್ಯಾಯ ಸಂಹಿತೆಯ 72ನೇ ಕಲಮಿನ ಅಪರಾಧ. ಮಕ್ಕಳ ಪ್ರಕರಣದಲ್ಲಿ ಪೋಕ್ಸೊ ಇದೆ. ಮೂಲ ದೂರು ಸುಳ್ಳೆಂದು ಸಾಬೀತಾದರೂ ಈ ಎರಡನೆಯದು ಸುಳ್ಳಾಗುವುದಿಲ್ಲ. ಮತ್ತೆ ಕೆಲವರು ಭಯಕ್ಕೆ ಫೋನಿನಲ್ಲಿದ್ದ ಸಂದೇಶಗಳನ್ನೆಲ್ಲ ಅಳಿಸಿಹಾಕುತ್ತಾರೆ. ತಮ್ಮನ್ನು ಕಾಪಾಡಬಹುದಾಗಿದ್ದ ಸಂದೇಶವೂ ಅದರಲ್ಲೇ ಹೋಗುತ್ತದೆ, ಸಾಕ್ಷ್ಯನಾಶದ ಮಾತೂ ಏಳುತ್ತದೆ. ಹೆದರಿ ಬೆಂಗಳೂರಿನ ನೆಂಟರ ಮನೆ ಸೇರಿದವನು "ತಲೆಮರೆಸಿಕೊಂಡಿದ್ದಾನೆ" ಎಂದು ಕಡತದಲ್ಲಿ ಬರುತ್ತಾನೆ. ಆ ಒಂದು ಶಬ್ದ ಅಳಿಸಲು ಆಮೇಲೆ ವಕೀಲ ಮೂರು ಪುಟ ಬರೆಯಬೇಕು.

ಹಾಗಾದರೆ ಸುಮ್ಮನೆ ಕೂರಬೇಕೆ? ಇಲ್ಲ. ಬಾಯಿಯ ಕೆಲಸ ಕಡಿಮೆ ಮಾಡಿ ಕಾಗದದ ಕೆಲಸ ಶುರುಮಾಡಬೇಕು.

ಮೊದಲು ಎಫ್‌ಐಆರ್ ಪ್ರತಿ ಕೈಗೆ ಬರಲಿ. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು ಸುಪ್ರೀಂ ಕೋರ್ಟು 2016ರಲ್ಲೇ ಆದೇಶಿಸಿದೆ. ಅದರಲ್ಲಿ ಘಟನೆಯ ದಿನ, ಗಂಟೆ, ಜಾಗ, ದೂರು ಕೊಟ್ಟ ಗಂಟೆ ಇರುತ್ತವೆ. ಈ ನಾಲ್ಕನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳಿ. ಮುಂದಿನದೆಲ್ಲ ಅವುಗಳ ಸುತ್ತಲೇ ತಿರುಗುವುದು.

ನಮ್ಮ ರೈತನ ಜೇಬಿನಲ್ಲಿ ಒಂದು ವೇಬ್ರಿಡ್ಜ್ ಚೀಟಿ ಇದೆ. ಅಂಗೈಯಗಲದ ಕಾಗದ. ಮೇಲೆ ಗಾಡಿಯ ನಂಬರು, ಕೆಳಗೆ ಎರಡು ತೂಕ: ಲೋಡಿನದೊಂದು, ಖಾಲಿ ಗಾಡಿಯದೊಂದು. ಎರಡರ ಎದುರಿಗೂ ಗಂಟೆ ಅಚ್ಚಾಗಿದೆ. ಮೊದಲನೆಯದು ಐದು ಐವತ್ತೆರಡು, ಎರಡನೆಯದು ಆರು ನಲವತ್ತು ಎಂದಿಟ್ಟುಕೊಳ್ಳಿ. ಆರೂವರೆ ಇವೆರಡರ ನಡುವೆ ಸಿಕ್ಕಿಬಿದ್ದಿದೆ. ಈತ ಕುಣಿದಾಡುತ್ತಾನೆ. ತನಿಖಾಧಿಕಾರಿ ಒಂದೇ ಮಾತು ಕೇಳುತ್ತಾರೆ: "ಗಾಡಿ ಅಲ್ಲಿತ್ತಪ್ಪ, ಸರಿ. ನೀನು ಅಲ್ಲಿದ್ದೆ ಅನ್ನೋದಕ್ಕೇನು?" ಪ್ರಶ್ನೆ ನ್ಯಾಯವಾದದ್ದೇ. ಗಾಡಿ ಮಗ ಓಡಿಸಿರಬಹುದು, ಫೋನೂ ಮಗನ ಕೈಯಲ್ಲಿರಬಹುದು. ಆದ್ದರಿಂದ ಚೀಟಿಯ ಜೊತೆ ಮಂಡಿಯವರ ಲೆಕ್ಕದ ಪಟ್ಟಿ, ಅದರ ಮೇಲಿನ ಇವನ ಸಹಿ, ಪಕ್ಕದ ಹೋಟೆಲಿನಲ್ಲಿ ಕಾಫಿಗೆ ಯುಪಿಐನಲ್ಲಿ ಕಟ್ಟಿದ ಹಣ, ಎಲ್ಲಕ್ಕಿಂತ ಮಿಗಿಲಾಗಿ ಮಂಡಿಯ ಸಿಸಿಟಿವಿಯಲ್ಲಿ ಕಾಣುವ ಮುಖ ಬೇಕು.

ಇಲ್ಲಿ ತಡಮಾಡಿದರೆ ಕೆಟ್ಟಿರಿ. ಅಂಗಡಿ ಮಂಡಿಗಳ ಕ್ಯಾಮೆರಾ ಪೆಟ್ಟಿಗೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ತುಂಬಿಕೊಳ್ಳುತ್ತದೆ. ಬಸ್ಸಿನ ಟಿಕೆಟ್ಟು, ಎಟಿಎಂ ಚೀಟಿಯಂಥ ಕಾಗದ ಮಳೆಗಾಲ ಕಳೆಯುವುದರೊಳಗೆ ಬೆಳ್ಳಗಾಗುತ್ತದೆ; ಅವತ್ತೇ ಜೆರಾಕ್ಸ್ ಮಾಡಿಸಿ, ಮೂಲವನ್ನೂ ಇಟ್ಟುಕೊಳ್ಳಿ. ಕ್ಯಾಮೆರಾ ಇರುವವರಿಗೆ ಒಂದು ಪತ್ರ ಬರೆಯಬೇಕು: ಇಂಥ ದಿನ, ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗಿನ ದೃಶ್ಯವನ್ನು ದಯವಿಟ್ಟು ಅಳಿಸದೆ ಇಡಿ. ಅದರ ನಕಲು ಲಗತ್ತಿಸಿ ತನಿಖಾಧಿಕಾರಿಗೆ ಇನ್ನೊಂದು ಅರ್ಜಿ: ಈ ದೃಶ್ಯ, ಈ ದಾಖಲೆ, ನನ್ನ ನಂಬರಿನ ಟವರ್ ವಿವರ ಇವನ್ನು ತರಿಸಿಕೊಳ್ಳಿ. ಠಾಣೆಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಜಗಳವಾಡಬೇಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಇನ್ನೊಂದು ಪ್ರತಿ ಡಿವೈಎಸ್‌ಪಿಗೆ ಹೋಗಲಿ. ಮುಂದೆ ಕೋರ್ಟಿನಲ್ಲಿ "ಇದನ್ನು ಆಮೇಲೆ ಹೊಂದಿಸಿಕೊಂಡದ್ದು" ಎಂದು ಯಾರಾದರೂ ಹೇಳಿದರೆ ಆ ಅಂಚೆ ಮುದ್ರೆಯ ತಾರೀಖೇ ಉತ್ತರ. ವಿಡಿಯೊವನ್ನು ವಾಟ್ಸ್‌ಆ್ಯಪಿನಲ್ಲಿ ನೆಂಟರಿಗೆಲ್ಲ ಹಂಚಿ ಅದನ್ನೇ ಸಾಕ್ಷ್ಯ ಎಂದುಕೊಳ್ಳಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ.

ನೋಟಿಸಿನ ವಿಷಯಕ್ಕೆ ಬರೋಣ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಆರೋಪಿಯನ್ನು ಎಳೆದುಕೊಂಡು ಹೋಗುವುದು ರೂಢಿಯಾಗಬಾರದು ಎಂದು 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿತು. ಬಂಧನ ಅಗತ್ಯವಿಲ್ಲದ ಕಡೆ ನೋಟಿಸು ಕೊಡಬೇಕು. ಹಿಂದೆ 41ಎ ನೋಟಿಸು ಎನ್ನುತ್ತಿದ್ದೆವು, ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 35(3). ಅದರಲ್ಲಿ ಅಪರಾಧ ಸಂಖ್ಯೆ, ಕಲಮು ಇರಬೇಕು, ಎಫ್‌ಐಆರ್ ಪ್ರತಿ ಲಗತ್ತಾಗಿರಬೇಕು ಎಂದು ನಮ್ಮ ಹೈಕೋರ್ಟೇ 2024ರಲ್ಲಿ ಹೇಳಿದೆ. ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಜಾರಿಯಾದಂತಲ್ಲ ಎಂದು ಸುಪ್ರೀಂ ಕೋರ್ಟು 2025ರಲ್ಲಿ ಸ್ಪಷ್ಟಪಡಿಸಿತು. ಇಷ್ಟು ಹೇಳಿದ ತಕ್ಷಣ ಕೆಲವರು "ಹಾಗಾದರೆ ನಾನು ಹೋಗಲ್ಲ" ಎಂದು ಕಾಲು ಮೇಲೆ ಕಾಲು ಹಾಕುತ್ತಾರೆ. ನನ್ನ ಸಲಹೆ ಬೇರೆ. ನೋಟಿಸಿನಲ್ಲಿ ಕೊರತೆ ಇದ್ದರೆ ವಕೀಲರ ಮೂಲಕ ಬರೆದು ತಿಳಿಸಿ, ಸರಿಯಾದ ನೋಟಿಸು ಕೊಟ್ಟರೆ ಬರುತ್ತೇನೆ ಎಂದೂ ಬರೆಯಿರಿ. ಸರಿಯಾದ ನೋಟಿಸು ಬಂದ ಮೇಲೆ ಹೇಳಿದ ದಿನಕ್ಕೆ ಹೋಗಿ. ಹೋಗುತ್ತಿರುವವನನ್ನು ಬಂಧಿಸಬೇಕಾದರೆ ಅಧಿಕಾರಿ ಕಾರಣ ಬರೆದಿಡಬೇಕು; ಹೋಗದವನನ್ನು ಬಂಧಿಸಲು ಕಾರಣ ಅವನೇ ಕೊಟ್ಟಂತೆ. ಅರವತ್ತು ದಾಟಿದವರನ್ನು, ಅಶಕ್ತರನ್ನು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಿನಲ್ಲಿ ಡಿವೈಎಸ್‌ಪಿ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ ಎಂಬುದೂ ನೆನಪಿರಲಿ.

ಠಾಣೆಯೊಳಗೆ ಹೋದ ಮೇಲೆ ಎಷ್ಟು ಮಾತಾಡಬೇಕು? ಇಲ್ಲಿ ನನಗೆ ಇಷ್ಟವಾದ ಒಂದು ಪ್ರಕರಣ ಹೇಳುತ್ತೇನೆ. ಒಡಿಶಾದ ಮುಖ್ಯಮಂತ್ರಿಯಾಗಿದ್ದ ನಂದಿನಿ ಸತ್ಪತಿಯವರನ್ನು 1977ರಲ್ಲಿ ಕಟಕ್‌ನ ಜಾಗೃತ ದಳದ ಠಾಣೆಗೆ ಕರೆಸಿ, ಉದ್ದನೆಯ ಪ್ರಶ್ನಾವಳಿಯನ್ನು ಬರಹದಲ್ಲೇ ಕೊಟ್ಟರು. ಅವರು ಉತ್ತರಿಸಲು ಒಪ್ಪಲಿಲ್ಲ. ಉತ್ತರಿಸಲಿಲ್ಲ ಎಂದೇ ಅವರ ಮೇಲೆ ಇನ್ನೊಂದು ಕೇಸು ಹಾಕಿದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು, ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆನ್ನುವ ಸಂವಿಧಾನದ 20(3)ನೇ ವಿಧಿ ಕೋರ್ಟಿನ ಕಟಕಟೆಯಲ್ಲಿ ಮಾತ್ರವಲ್ಲ, ಪೊಲೀಸ್ ವಿಚಾರಣೆಯ ಕೊಠಡಿಯಲ್ಲೂ ಕಾಪಾಡುತ್ತದೆ ಎಂದಿತು. ಹೆಣ್ಣುಮಕ್ಕಳನ್ನು ಹೇಳಿಕೆಗೆಂದು ಠಾಣೆಗೆ ಕರೆಸಿಕೊಂಡದ್ದನ್ನೂ ಅದು ಒಪ್ಪಲಿಲ್ಲ. ಮಾಜಿ ಮುಖ್ಯಮಂತ್ರಿಗೇ ಅಷ್ಟು ದೂರ ಹೋಗಬೇಕಾಯಿತು; ಬದುವಿನ ಜಗಳದ ರೈತ ಬೆಂಚಿನ ಮೇಲೆ ಕೂತು "20(3)" ಎಂದರೆ ನಡೆದೀತೇ ಎಂದು ನೀವು ಕೇಳಬಹುದು. ಅವನು ಹಾಗೆ ಹೇಳಬೇಕಾಗಿಲ್ಲ. "ನಾನು ಅಲ್ಲಿರಲಿಲ್ಲ. ಎಲ್ಲಿದ್ದೆ ಅನ್ನೋದಕ್ಕೆ ದಾಖಲೆ ಬರೆದುಕೊಟ್ಟಿದ್ದೀನಿ ಸಾರ್, ಬೇರೇದನ್ನ ವಕೀಲರ ಹತ್ರ ಕೇಳಿ ಹೇಳ್ತೀನಿ" ಎಂದರೆ ಸಾಕು. ವಿಚಾರಣೆಯ ಪೂರ್ತಿ ಸಮಯ ಅಲ್ಲದಿದ್ದರೂ ನಡುನಡುವೆ ವಕೀಲರನ್ನು ಕಾಣುವ ಹಕ್ಕು ಬಂಧಿತನಿಗೂ ಇದೆ. ಪೂರ್ತಿ ಮೌನವೂ ಹಕ್ಕೇ. ಆದರೆ ಬೇರೆ ಕಡೆ ಇದ್ದೆ ಎನ್ನುವ ವಾದವನ್ನು ಕೊನೆಯವರೆಗೆ ಬಚ್ಚಿಟ್ಟು ತೆಗೆದರೆ ನ್ಯಾಯಾಧೀಶರ ಹುಬ್ಬು ಏರುತ್ತದೆ.

ಬಾಯಿ ಜಾರುವ ಇನ್ನೊಂದು ರೀತಿ ಸವಾಲು. "ಧರ್ಮಸ್ಥಳದಲ್ಲಿ ಆಣೆ ಮಾಡ್ತೀನಿ, ಅವನೂ ಬರಲಿ!" ತನಿಖಾ ದಿನಚರಿಯಲ್ಲಿ ಆಣೆಗೆ ಕಾಲಂ ಇಲ್ಲ. "ಮಂಪರು ಪರೀಕ್ಷೆಗೂ ಸಿದ್ಧ" ಎನ್ನುವವರೂ ಇದ್ದಾರೆ. ಕರ್ನಾಟಕ ಸರ್ಕಾರವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, 2010ರಲ್ಲಿ, ಮಂಪರು, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಇವ್ಯಾವುದನ್ನೂ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು ತೀರ್ಮಾನಿಸಿತು. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶ ಸಾಕ್ಷ್ಯವಲ್ಲ. ಕೋರ್ಟು ನಿಮಗೆ ಕಷ್ಟಪಟ್ಟು ಕೊಟ್ಟ ರಕ್ಷಣೆಯನ್ನು ಟಿವಿಯವರ ಮೈಕಿನ ಮುಂದೆ ಬಿಟ್ಟುಕೊಡುವುದು ಯಾವ ಜಾಣತನವೋ ನನಗೆ ತಿಳಿಯದು.

ಸಹಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಮ್ಮ ರಾಜ್ಯದ ಕಡತಗಳಲ್ಲಿ "ಸ್ವ-ಇಚ್ಛಾ ಹೇಳಿಕೆ" ಎಂಬುದೊಂದು ಇರುತ್ತದೆ. ಓದಲು ಬಲು ಸೊಗಸು. ಆರೋಪಿ ತನ್ನ ಹೆಸರು, ತಂದೆಯ ಹೆಸರು, ಕಸುಬು ಹೇಳಿ, ಮಾಡಿದ ತಪ್ಪನ್ನು ಕ್ರಮವಾಗಿ ವಿವರಿಸಿ, ಕೊನೆಗೆ "ನನ್ನನ್ನು ಕರೆದುಕೊಂಡು ಹೋದಲ್ಲಿ ಕೃತ್ಯಕ್ಕೆ ಬಳಸಿದ ಕಾವನ್ನು ಬಿಸಾಡಿದ ಸ್ಥಳವನ್ನು ತೋರಿಸಿ ಹಾಜರುಪಡಿಸುತ್ತೇನೆ" ಎಂದು ಮುಗಿಸುತ್ತಾನೆ. ಜಿಲ್ಲೆ ಬದಲಾದರೂ ಈ ಕೊನೆಯ ವಾಕ್ಯ ಬದಲಾಗುವುದಿಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೆ ಆ ಕೊನೆಯ ವಾಕ್ಯದಿಂದ ಏನಾದರೂ ವಸ್ತು ಪತ್ತೆಯಾದರೆ ಅಷ್ಟು ಭಾಗ ನಿಲ್ಲುತ್ತದೆ. ಅದಕ್ಕೇ ಅದು ಅಲ್ಲಿರುವುದು. ಖಾಲಿ ಹಾಳೆಗೆ ಸಹಿ ಮಾಡಬೇಡಿ. ಓದಿ, ಓದಲು ಬಾರದಿದ್ದರೆ ಓದಿಸಿ ಕೇಳಿ. ಒಪ್ಪದ ಮಾತಿದ್ದರೆ ಸಹಿ ಹಾಕಬೇಡಿ. ಹಾಕಲೇಬೇಕಾದ ಒತ್ತಡ ಬಂದರೆ ಹೊರಬಂದ ಕೂಡಲೇ ವಕೀಲರಿಗೆ, ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಅವರಿಗೆ ಹೇಳಿ. ಠಾಣೆಗೆ ಹೋದ ಗಂಟೆ, ಹೊರಬಂದ ಗಂಟೆ ಬರೆದಿಡಿ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕೆಂಬ 2020ರ ಸುಪ್ರೀಂ ಕೋರ್ಟ್ ಆದೇಶ ನಿಮಗೂ ಉಪಯೋಗಕ್ಕೆ ಬರುತ್ತದೆ. ಮನೆ ಶೋಧಿಸಿದರೆ, ಫೋನು ವಶಕ್ಕೆ ಪಡೆದರೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ವಿಡಿಯೊ ಮಾಡಬೇಕು. ಮಹಜರಿನಲ್ಲಿ ಫೋನಿನ ಐಎಂಇಐ ನಂಬರು ಬರೆದಿದ್ದಾರೆಯೇ ನೋಡಿಕೊಳ್ಳಿ.

ಬಂಧನದ ಭಯ ನಿಜವಾಗಿದ್ದರೆ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ. ಎಲ್ಲ ಕಾಯ್ದೆಯಲ್ಲೂ ಅದು ಸಿಗುವುದಿಲ್ಲ. ಎಫ್‌ಐಆರ್ ರದ್ದು ಮಾಡಿ ಎಂದು ಬೆಂಗಳೂರು, ಧಾರವಾಡ, ಕಲಬುರಗಿಯ ಹೈಕೋರ್ಟ್ ಪೀಠಗಳಿಗೆ ಓಡುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಮುಖ್ಯವಾಗಿ ನೋಡುವುದು ದೂರಿನ ಮಾತುಗಳನ್ನೇ ನಿಜ ಎಂದುಕೊಂಡರೂ ಅಪರಾಧವಾಗುತ್ತದೆಯೇ ಎಂದು. ನಿಮ್ಮ ವೇಬ್ರಿಡ್ಜ್ ಚೀಟಿಯನ್ನು ಅಲ್ಲಿ ತೂಗುವುದು ಅಪರೂಪ. ವಕೀಲರ ಫೀಸು ಕಟ್ಟಲು ಆಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಕಾಲ ಹಿಡಿಯುತ್ತದೆ. ಇಸ್ರೊ ವಿಜ್ಞಾನಿ ನಂಬಿ ನಾರಾಯಣನ್ ಅವರನ್ನು ಕೇರಳ ಪೊಲೀಸರು ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಿದ್ದು 1994ರ ನವೆಂಬರಿನಲ್ಲಿ. ತನಿಖೆ ಕೈಗೆತ್ತಿಕೊಂಡ ಸಿಬಿಐ 1996ರಲ್ಲೇ ಆರೋಪ ಸುಳ್ಳು ಎಂದು ವರದಿ ಕೊಟ್ಟಿತು. ಐವತ್ತು ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2018ರ ಸೆಪ್ಟೆಂಬರ್ 14ರಂದು. ಅದೇ ಕೇಸಿನಲ್ಲಿ ಸಿಕ್ಕಿಬಿದ್ದ ಬೆಂಗಳೂರಿನ ಕೆ. ಚಂದ್ರಶೇಖರ್ ರಷ್ಯದ ಬಾಹ್ಯಾಕಾಶ ಸಂಸ್ಥೆಯೊಂದರ ಪ್ರತಿನಿಧಿಯಾಗಿದ್ದವರು. ತೀರ್ಪು ಬಂದ ಎರಡು ದಿನಕ್ಕೆ ತೀರಿಕೊಂಡರು. ತೀರ್ಪು ಹೊರಬೀಳುವ ಹೊತ್ತಿಗೆ ಅವರಿಗೆ ಪ್ರಜ್ಞೆ ಇರಲಿಲ್ಲ. ಪೊಲೀಸರ ವರದಿ ನಿಮ್ಮ ಪರವಾಗಿ ಬಂದ ದಿನವೇ ಎಲ್ಲ ಮುಗಿಯಿತು ಎಂದುಕೊಳ್ಳುವವರಿಗೆ ಇದನ್ನು ಹೇಳುತ್ತಿದ್ದೇನೆ.

ನಮ್ಮ ಕಡೆ ಆ ವರದಿಗೆ ಬಿ ರಿಪೋರ್ಟ್ ಎನ್ನುತ್ತಾರೆ. ದೂರುದಾರನಿಗೆ ನೋಟಿಸು ಹೋಗುತ್ತದೆ, ಅವನು ತಕರಾರು ಅರ್ಜಿ ಹಾಕಬಹುದು. ಮ್ಯಾಜಿಸ್ಟ್ರೇಟರು ಒಪ್ಪಿಕೊಂಡ ಮೇಲೆ ಎಲ್ಲರೂ ಕೇಳುವುದು "ಈಗ ಅವನ ಮೇಲೆ ಕೇಸು ಹಾಕಬಹುದಾ ಸಾರ್?" ಎಂದು. ಸಾಕ್ಷ್ಯ ಸಾಲದೆ ಬಿದ್ದ ದೂರೆಲ್ಲ ಸುಳ್ಳು ದೂರಲ್ಲ. ಕತ್ತಲಲ್ಲಿ ಯಾರೋ ಹೊಡೆದದ್ದನ್ನು ನೀವೇ ಎಂದು ಅವನು ನಂಬಿರಬಹುದು. ಬೇಕೆಂದೇ ಸುಳ್ಳು ಮಾಹಿತಿ ಕೊಟ್ಟದ್ದು ನ್ಯಾಯ ಸಂಹಿತೆಯ 217ನೇ ಕಲಮಿನಲ್ಲಿ ಬರುತ್ತದೆ, ಕೆಡುಕು ಮಾಡಲೆಂದೇ ಸುಳ್ಳು ಕೇಸು ಹೂಡಿದ್ದು 248ರಲ್ಲಿ. ಆದರೆ 217ನ್ನು ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ದೂರು ಕೊಡಬೇಕಾದವರು ನೀವಲ್ಲ, ಆ ಸುಳ್ಳು ಮಾಹಿತಿ ಪಡೆದ ಅಧಿಕಾರಿ. ಕಾರಣವಿಲ್ಲದೆ ಬಂಧನ ಮಾಡಿಸಿದವನಿಂದ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಪರಿಹಾರ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಹೊಸ ಕಾನೂನು ಬರೆದವರೂ ಆ ಮೊತ್ತ ಮುಟ್ಟಲಿಲ್ಲ. ಒಳ್ಳೆಯ ಹೋಟೆಲಿನಲ್ಲಿ ಮನೆಮಂದಿಯ ಒಂದು ಊಟಕ್ಕೂ ಸಾಲದು. ದುರುದ್ದೇಶದ ಮೊಕದ್ದಮೆಗೆ ಸಿವಿಲ್ ಕೋರ್ಟಿನಲ್ಲಿ ನಷ್ಟ ಪರಿಹಾರ ಕೇಳುವುದಾದರೆ ಕೇಸು ಮುಗಿದ ದಿನದಿಂದ ಒಂದು ವರ್ಷದೊಳಗೆ ದಾವೆ ಹೂಡಬೇಕು.

ಅದಕ್ಕಿಂತ ಮೊದಲು ಮಾಡಬೇಕಾದದ್ದು ಬಿ ರಿಪೋರ್ಟ್ ಒಪ್ಪಿದ ಆದೇಶದ ದೃಢೀಕೃತ ನಕಲಿಗೆ ಕೋರ್ಟಿನಲ್ಲಿ ಅರ್ಜಿ ಹಾಕುವುದು. ಎರಡು ಪ್ರತಿ ತೆಗೆದುಕೊಳ್ಳಿ, ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಕೇಸು ಮುಗಿದರೂ ಅಪರಾಧ ಸಂಖ್ಯೆ ಪೊಲೀಸರ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಮಗಳ ಮದುವೆಗೋ ಬಾಣಂತನಕ್ಕೋ ವಿದೇಶಕ್ಕೆ ಹೋಗಬೇಕೆಂದು ಪಾಸ್‌ಪೋರ್ಟಿಗೆ ಹಾಕಿದಾಗ, ಪರಿಶೀಲನೆಗೆ ಬಂದ ಪೇದೆ ಮೊದಲು ಕೇಳುವುದು ಅದನ್ನೇ. ಆಗ ಹಳೆಯ ಕಥೆ ಹೇಳಲು ಹೋಗದೆ ಆ ನಕಲನ್ನು ಕೊಟ್ಟರೆ ಆಯಿತು.